ಟ್ರೇಲರಿನ ಚಕ್ರ ಮತ್ತು ನಮ್ಮ ಸಂಘದ ಉಳಿತಾಯ



ಈ ಸಾಲಿನ ಸರ್ವಸದಸ್ಯರ ಸಭೆಯ ಮುಂದೆ ಬರಲಿರುವ ಖರ್ಚುವೆಚ್ಚದ ತಃಖ್ತೆಯಲ್ಲಿ ‘ಟಯರು, ಟ್ಯೂಬು, ಫ್ಲಾಪು’ ಎಂಬ ಬಾಬತ್ತು ಕಳೆದ ಸಾಲಿಗಿಂತ ಬಹಳ ಏರಿರುವುದನ್ನು ತಾವು ಕಾಣುವಿರಿ. ಕಂಡವರು ಕೇಳದೆ ಬಿಡುವುದಿಲ್ಲವೆಂಬುದೂ ನನಗೆ ಗೊತ್ತು. ಸಭೆಯ ಗದ್ದಲದಲ್ಲಿ ಎದ್ದು ನಿಂತು ಐದು ನಿಮಿಷದಲ್ಲಿ ಉತ್ತರ ಹೇಳುವುದಕ್ಕಿಂತ ಮುಂಚಿತವಾಗಿಯೇ ಇಲ್ಲಿ ಬರೆದುಬಿಡುವುದು ಮೇಲೆಂದು ತೋರಿತು. ಏಕೆಂದರೆ ಆ ಬಾಬತ್ತಿನಲ್ಲಿ ಬಹುಪಾಲು ಟಯರಿನ ಖರ್ಚೇ ಅಲ್ಲ. ಅದು ಕಾರ್ಯದರ್ಶಿಯಾದ ನಾನು ಮಾಡಿದ ಒಂದು ಉಳಿತಾಯದ ಖರ್ಚು.

ವಿಷಯ ಇಷ್ಟು. ಕೆಳಸೀಮೆಯ ನಮ್ಮ ಅಡಿಕೆ ಸದಸ್ಯರಿಗೂ ಮೇಲಿನ ಕಾಫಿ ತೋಟದವರಿಗೂ ಸಂಘವು ಪ್ರತಿ ಬೇಸಿಗೆಯಲ್ಲಿ ಕುರಿಗೊಬ್ಬರ ತರಿಸಿಕೊಡುತ್ತದೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಸುತ್ತಿನ ಹಟ್ಟಿಗಳಲ್ಲಿ ಹಿಕ್ಕೆಗೊಬ್ಬರ ಚೆನ್ನಾಗಿ ಸಿಗುತ್ತದೆ. ಮಳೆ ಕಾಣದ ಒಣ ಗೊಬ್ಬರ, ಮಣ್ಣು ಬೆರೆಸದ ಜನ. ನಮ್ಮ ಡಿಪೋದಿಂದ ಟ್ರಾಕ್ಟರಿಗೆ ಒಂದು ದಿನದ ದಾರಿ. ಹೊಲದೊಳಗಿನ ದೊಡ್ಡಿಯ ತನಕ ಲಾರಿ ಇಳಿಯಲಾರದ್ದರಿಂದ ಸಂಘದ ನಾಲ್ಕು ಚಕ್ರದ ದೊಡ್ಡ ಟ್ರೇಲರೇ ಹೋಗಬೇಕು. ಡಿಪೋಕ್ಕೆ ಬಂದ ಮೇಲೆ ಘಟ್ಟದ ಕಡೆಯವರ ಪಾಲು ಲಾರಿಗೆ ಏರುತ್ತದೆ.

ಆ ಟ್ರೇಲರನ್ನು ನಾವು ಕಂಪನಿಯಿಂದ ಕೊಂಡದ್ದಲ್ಲ. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ್ದು. ಬಾಡಿ ಹೊಸದು, ಅಚ್ಚು, ಹಬ್ಬು, ರಿಮ್ಮು ಎಲ್ಲವೂ ಗುಜರಿಗೆ ಬಿದ್ದ ಲಾರಿಯವು. ನಮ್ಮ ನಾಡಿನಲ್ಲಿ ಹೀಗೆ ತಯಾರಾದ ಟ್ರೇಲರುಗಳೇ ಹೆಚ್ಚು ಎಂಬುದು ತಮಗೆ ತಿಳಿದದ್ದೇ. ಅದರಲ್ಲಿ ತಪ್ಪಿಲ್ಲ. ಆದರೆ ಆ ರಿಮ್ಮು ನಮ್ಮ ಕೈಗೆ ಬರುವ ಮುಂಚೆ ಎಲ್ಲಿ ಎಷ್ಟು ಭಾರ ಹೊತ್ತಿತ್ತು, ಯಾವ ಹಳ್ಳದಲ್ಲಿ ಬಡಿದಿತ್ತು ಎಂಬುದಕ್ಕೆ ಯಾವ ದಾಖಲೆಯೂ ಇರುವುದಿಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಕೊಳ್ಳುವ ನಾವು ರಿಮ್ಮನ್ನು ತೂಕಕ್ಕೆ ಕೊಳ್ಳುತ್ತೇವೆ.

ಹೋದ ವರ್ಷದ ಮಳೆಗಾಲದಲ್ಲಿ ಎಡಗಡೆ ಹಿಂದಿನ ಚಕ್ರದ ರಿಮ್ಮಿನಲ್ಲಿ ಬೆರಳುದ್ದದ ಬಿರುಕು ಕಂಡಿತೆಂದು ಚಾಲಕ ಬಂದು ಹೇಳಿದ. ಹೊಸ ರಿಮ್ಮು ಬೇಕೆಂದ. ನಾನು ವೆಲ್ಡಿಂಗ್ ಮಾಡಿಸು ಎಂದೆ. ವೋಚರಿಗೆ ಸಹಿ ಹಾಕಿದವನೂ ನಾನೇ. ಆ ವೋಚರು ಇಂದಿಗೂ ಫೈಲಿನಲ್ಲಿದೆ. ಆ ಬೆಸುಗೆಯಿಂದ ಸಂಘಕ್ಕೆ ಉಳಿದ ಹಣದ ಬಗ್ಗೆ ಆಡಳಿತ ಮಂಡಲಿಯ ಸಭೆಯಲ್ಲಿ ಒಬ್ಬರು ಮೆಚ್ಚುಗೆಯ ಮಾತನ್ನೂ ಆಡಿದರು. ನಾನು ಅಲ್ಲಗಳೆಯಲಿಲ್ಲ.

ನವೆಂಬರಿನಲ್ಲಿ ಆ ಚಕ್ರದ ಟ್ಯೂಬು ಹೋಯಿತು. ಮುಳ್ಳೆಂದು ತೇಪೆ ಹಾಕಿಸಿದೆವು. ವಾರದಲ್ಲಿ ಮತ್ತೆ ಇಳಿಯಿತು. ಹೊಸ ಟ್ಯೂಬು ಹಾಕಿದೆವು. ಜನವರಿಯಲ್ಲಿ ಹೊಸ ಟ್ಯೂಬೂ ಹೋಯಿತು. ಟಯರು ಹಳೆಯದು, ಒಳಗೆ ದಾರ ಎದ್ದಿರಬೇಕೆಂದು ಟಯರನ್ನೇ ಬದಲಾಯಿಸಿದೆವು. ಭರತ ಹುಣ್ಣಿಮೆಯ ಜಾತ್ರೆ ಕಳೆದು ಗೊಬ್ಬರದ ಓಡಾಟ ಶುರುವಾದ ಎರಡನೆಯ ಸುತ್ತಿಗೇ ಹೊಸ ಟಯರಿನೊಳಗಿನ ಮೂರನೆಯ ಟ್ಯೂಬು ಕೂಡ ಗಾಳಿ ಬಿಟ್ಟಿತು. ಆ ದಿನ ಗೊಬ್ಬರದ ಲೆಕ್ಕ ಮುಗಿಸಲು ನಾನೂ ಉಚ್ಚಂಗಿದುರ್ಗದ ಕಡೆ ಹೋಗಿದ್ದೆ. ಹಟ್ಟಿಯಿಂದ ಹೊರಟು ದೊಡ್ಡ ರಸ್ತೆ ಸೇರುವಷ್ಟರಲ್ಲಿ ಟ್ರೇಲರು ಒಂದು ಮಗ್ಗುಲಿಗೆ ವಾಲಿತು. (ಆ ಸೀಮೆ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹಳ್ಳಿಯ ರಸ್ತೆಯ ಗುಂಡಿಗಳು ಮಾತ್ರ ಯಾವ ಜಿಲ್ಲೆಗೂ ಹೋಗದೆ ಇದ್ದಲ್ಲೇ ಇವೆ.)

ರಸ್ತೆಯಂಚಿನಲ್ಲಿ ಒಂದು ಪಂಕ್ಚರ್ ಅಂಗಡಿ. ತಗಡಿನ ಮಾಡು, ಒಂದು ಕಂಪ್ರೆಸರು, ನೀರಿನ ತೊಟ್ಟಿ. ಅಂಗಡಿಯಾತ ನನಗಿಂತ ಹತ್ತು ವರ್ಷ ಹಿರಿಯ. ಚಕ್ರ ಬಿಚ್ಚುವ ಮುಂಚೆ ಆತ ಸೀಮೆಸುಣ್ಣ ತೆಗೆದುಕೊಂಡು ವಾಲ್ವು ಇರುವ ಕಡೆ ರಿಮ್ಮಿನ ಮೇಲೊಂದು, ಅದಕ್ಕೆ ಸರಿಯಾಗಿ ಟಯರಿನ ಮೇಲೊಂದು ಗೆರೆ ಎಳೆದ. ಯಾಕೆಂದು ಕೇಳಿದೆ.

“ತೂತು ಎಲ್ಲಿ ಬಿದ್ದೈತಿ ಅಂತ ಆಮ್ಯಾಲೆ ಹೊಂದಿಸಿ ನೋಡಾಕ್ರಿ, ಯಜಮಾನ್ರೇ. ಬಿಚ್ಚಿದ ಮ್ಯಾಲೆ ಟೂಬು ಒಂದು ಕಡೀಗೆ, ರಿಮ್ಮು ಒಂದು ಕಡೀಗೆ ಹೋದ್ರ ಯಾರನ್ನ ಕೇಳಾಣ?” ಎಂದ.

ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿದಾಗ ಗುಳ್ಳೆ ಬಂದದ್ದು ನೆಲಕ್ಕೆ ತಾಗುವ ಬೆನ್ನಿನ ಕಡೆಯಿಂದಲ್ಲ, ಒಳಗಡೆಯ ಹೊಟ್ಟೆಯಿಂದ, ಅಂದರೆ ರಿಮ್ಮಿನ ಮೇಲೆ ಕೂರುವ ಭಾಗದಿಂದ. ಆಗ ಆತ ಹಳೆಯ ಟ್ಯೂಬುಗಳು ಇವೆಯೇ ಎಂದು ಕೇಳಿದ. ಹಳೆಯ ಟ್ಯೂಬನ್ನು ಸೀಳಿ ಹಗ್ಗ ಮಾಡಿಕೊಳ್ಳುವುದು ನಮ್ಮವರ ವಾಡಿಕೆ. ಹಾಗಾಗಿ ಮೊದಲನೆಯದು ಗೊಬ್ಬರದ ಚೀಲ ಕಟ್ಟುವ ಕೆಲಸಕ್ಕೆ ಸೇರಿಹೋಗಿತ್ತು. ಎರಡನೆಯದು ಸೀಟಿನಡಿ ಇತ್ತು. ಅದನ್ನೂ ಇದನ್ನೂ ವಾಲ್ವಿಗೆ ವಾಲ್ವು ಸೇರಿಸಿ ನೆಲದ ಮೇಲೆ ಹಾಸಿದ. ಎರಡರ ತೂತೂ ವಾಲ್ವಿನಿಂದ ಒಂದೇ ದೂರದಲ್ಲಿ, ಎರಡೂ ಒಳಹೊಟ್ಟೆಯಲ್ಲಿ. ಫ್ಲಾಪಿನ ಮೇಲೆ ಅದೇ ಜಾಗದಲ್ಲಿ ನಾಲ್ಕಾಣೆಯಷ್ಟು ಅಗಲ ಸವೆದ ಗುರುತು.

“ಟೈರು ಏನ್ ಮಾಡೇತ್ರಿ ಪಾಪ. ಇದು ರಿಮ್ಮಿನ ಕೆಲಸ” ಎಂದ.

ಸದಸ್ಯ ಬಾಂಧವರೇ, ಈ ಲೇಖನದ ಮುಖ್ಯ ಮಾತು ಇಲ್ಲೇ ಇದೆ. ಟ್ಯೂಬಿರುವ ಚಕ್ರದಲ್ಲಿ ಗಾಳಿ ಎಲ್ಲಿಂದ ಹೋದರೂ ಹೊರಬರುವುದು ವಾಲ್ವಿನ ಸಂದಿಯಿಂದ ಅಥವಾ ರಿಂಗಿನ ಅಂಚಿನಿಂದ. ಆದ್ದರಿಂದ ಹೊರಗಿನಿಂದ ಸೋಪುನೀರು ಬಳಿದು ಕಂಡುಹಿಡಿಯುತ್ತೇನೆ ಎಂಬುದು ಸುಳ್ಳು. ತೂತು ಬೆನ್ನಿನಲ್ಲಿದ್ದರೆ ಮುಳ್ಳು, ಮೊಳೆ, ಟಯರಿನ ದೋಷ. ಮಗ್ಗುಲಲ್ಲಿ ಉದ್ದಕ್ಕೆ ಹರಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದು, ಇಲ್ಲವೇ ಟ್ಯೂಬು ಮಡಚಿಕೊಂಡದ್ದು. ವಾಲ್ವಿನ ಬುಡ ಕಿತ್ತಿದ್ದರೆ ರಿಮ್ಮಿನ ಮೇಲೆ ಟಯರು ಜಾರಿ ತಿರುಗಿದೆ. ಆ ವಾಲ್ವು ಮೊದಲಿಂದಲೇ ಓರೆಯಾಗಿ ನಿಂತಿರುತ್ತದೆ, ನೋಡುವವರಿರಬೇಕಷ್ಟೆ. ಒಳಹೊಟ್ಟೆಯಲ್ಲಿ ತೂತಿದ್ದರೆ ಫ್ಲಾಪು ಅಥವಾ ರಿಮ್ಮು. ಎರಡು ಸಲ ಅದೇ ಜಾಗದಲ್ಲಿದ್ದರೆ ಫ್ಲಾಪನ್ನೂ ಬಿಡಿ, ರಿಮ್ಮೇ. ಇಷ್ಟನ್ನು ತಿಳಿಯಲು ಬೇಕಾದದ್ದು ಒಂದು ಸೀಮೆಸುಣ್ಣದ ತುಂಡು ಮತ್ತು ಹಳೆಯ ಟ್ಯೂಬನ್ನು ಎಸೆಯದೆ ಇಟ್ಟುಕೊಳ್ಳುವ ಬುದ್ಧಿ. ನಮ್ಮ ಸಂಘ ಮೂರು ಟ್ಯೂಬು, ಮೂರು ಫ್ಲಾಪು, ಒಂದು ಟಯರು ಕೊಂಡಿತು, ಸೀಮೆಸುಣ್ಣ ಕೊಳ್ಳಲಿಲ್ಲ.

ಆತ ರಿಮ್ಮನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ ಒಣಗಿಸಿ, ಹೊರಗಡೆ ಸೀಮೆಸುಣ್ಣವನ್ನು ಒತ್ತಿ ಬಳಿದ. ಒಳಗಡೆ ಸೀಮೆಎಣ್ಣೆ ಸವರಿದ. ಚಹಾ ಕುಡಿದು ಬರುವಷ್ಟರಲ್ಲಿ ಬಿಳಿಯ ಮೇಲೆ ಒದ್ದೆಯ ಗೆರೆಯೊಂದು ಮೂಡಿತ್ತು. ಬಿರುಕಿದ್ದಲ್ಲಿ ಎಣ್ಣೆ ಜಿನುಗಿ ಸುಣ್ಣವನ್ನು ಕಪ್ಪಾಗಿಸುತ್ತದೆ, ಅಷ್ಟೆ. ಈಗ ಸೀಮೆಎಣ್ಣೆ ಸಿಗುವುದೇ ಕಷ್ಟ. ಡೀಸೆಲ್ಲಾದರೂ ನಡೆಯುತ್ತದೆ, ಸ್ವಲ್ಪ ನಿಧಾನ. ಕಂಡದ್ದು ಎರಡು ವಿಷಯ. ಒಂದು, ನಾನು ಹಾಕಿಸಿದ ಬೆಸುಗೆಯ ಲೋಹ ಒಳಗಡೆಗೆ ಹನಿಯಂತೆ ಇಳಿದು ಗಂಟಾಗಿತ್ತು. ಫ್ಲಾಪನ್ನು ಕೊರೆದದ್ದು ಆ ಗಂಟು. ಎರಡನೆಯದು ಅದಕ್ಕಿಂತ ಕೆಟ್ಟದ್ದು. ಬೆಸುಗೆ ಮುಗಿಯುವ ತುದಿಯಿಂದಲೇ ಹೊಸ ಬಿರುಕು ಹೊರಟು ಲಾಕ್ ರಿಂಗ್ ಕೂರುವ ಗಾಡಿಯ ತನಕ ಹೋಗಿತ್ತು.

ಬೆಸುಗೆ ಯಾಕೆ ನಿಲ್ಲುವುದಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಲೆಕ್ಕದ್ದು. ನಮ್ಮ ಟ್ರೇಲರಿಗೆ ಇರುವುದು ಲಾರಿಯ 10.00-20 ಅಳತೆಯ ಟಯರು. ಅದರ ಎತ್ತರ ಒಂದು ಮೀಟರಿಗೆ ಸ್ವಲ್ಪ ಮೇಲೆ. ಒಂದು ಸುತ್ತಿಗೆ ಮೂರೂಕಾಲು ಮೀಟರು ನೆಲ ಸಾಗುತ್ತದೆ. ಕಿಲೋಮೀಟರಿಗೆ ಸುಮಾರು 300 ಸುತ್ತು. ಭಾರ ಹೊತ್ತ ರಿಮ್ಮು ಪ್ರತಿ ಸುತ್ತಿಗೂ ಒಮ್ಮೆ ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅರವತ್ತು ಕಿಲೋಮೀಟರಿನ ಒಂದು ಓಟಕ್ಕೆ ಹದಿನೆಂಟು ಸಾವಿರ ಸಲ. ಬೆಸುಗೆಯ ಕಾವು ತಗುಲಿದ ಉಕ್ಕು ಅಕ್ಕಪಕ್ಕದ ಉಕ್ಕಿನ ಹಾಗೆ ಬಾಗುವುದಿಲ್ಲ. ತಂತಿಯನ್ನು ಒಂದೇ ಕಡೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುವುದು ಹೇಗೋ ಹಾಗೆ ಆ ಎರಡು ಉಕ್ಕು ಸೇರುವಲ್ಲಿ ಬಿರುಕು ಹುಟ್ಟುತ್ತದೆ. ಬಾಡಿಯ ಆಂಗಲ್ಲಿಗೆ ಬೆಸುಗೆ ಹಾಕಿ, ಬಾಗಿಲಿಗೆ ಹಾಕಿ, ಯಾರೂ ಬೇಡವೆನ್ನುವುದಿಲ್ಲ. ರಿಮ್ಮಿಗೆ ಬೇಡ.

ಇನ್ನು ಗಾಡಿಯ ತನಕ ಬಿರುಕು ಬಂದರೆ ಏನಾಗುತ್ತದೆ ಎಂಬುದು. ಬಿ.ಎಸ್ಸಿ.ಯಲ್ಲಿ ‘ಒತ್ತಡ ಗುಣಿಸು ಕ್ಷೇತ್ರಫಲ’ ಎಂದು ಬರೆದು ಅಂಕ ಪಡೆದವನು ನಾನು. ಆದರೆ ಅದನ್ನು ಚಕ್ರಕ್ಕೆ ಅನ್ವಯಿಸಿ ನೋಡಿದ್ದು ಆ ದಿನ ಸಂಜೆ. ತುಂಬಿದ ಲಾರಿ ಟಯರಿನಲ್ಲಿ ಚದರಂಗುಲಕ್ಕೆ 100 ಪೌಂಡಿನ ಒತ್ತಡ. ಟಯರಿನ ಒಂದು ಮಗ್ಗುಲನ್ನು ಐದುನೂರು ಚದರಂಗುಲವೆಂದು ಹಿಡಿದರೂ ಒಳಗಿನಿಂದ ಹೊರಕ್ಕೆ ನೂಕುವ ಬಲ 50,000 ಪೌಂಡು, ಅಂದರೆ ಇಪ್ಪತ್ತೆರಡು ಟನ್ನಿಗೂ ಮೇಲೆ. ಟ್ಯೂಬು ಹಾಕುವ ಬಹಳಷ್ಟು ಲಾರಿ ರಿಮ್ಮುಗಳು ಒಂದೇ ತುಂಡಲ್ಲ. ತಳ ಒಂದು, ಮಗ್ಗುಲ ರಿಂಗು ಒಂದು, ಅದನ್ನು ಹಿಡಿದಿಡುವ ಲಾಕ್ ರಿಂಗು ಒಂದು. ಆ ಬಲವೆಲ್ಲ ಬಂದು ನಿಲ್ಲುವುದು ಬೆರಳಗಲದ ಗಾಡಿಯಲ್ಲಿ ಕೂತ ಲಾಕ್ ರಿಂಗಿನ ಮೇಲೆ. ಗಾಡಿ ತುಕ್ಕು ತಿಂದಿದ್ದರೆ, ಸೀಳಿದ್ದರೆ, ರಿಂಗು ಬೇರೆ ರಿಮ್ಮಿನದಾಗಿದ್ದರೆ, ಅದು ಹಾರುತ್ತದೆ. ಹಾರುವುದು ಹೆಚ್ಚಾಗಿ ಗಾಳಿ ತುಂಬುವಾಗ. ಆಗ ಚಕ್ರದ ಮೇಲೆ ಬಗ್ಗಿ ನಿಂತಿರುವವನು ಅಂಗಡಿಯ ಹುಡುಗ.

ಆ ಹಿರಿಯನ ಎಡಮಣಿಕಟ್ಟು ಸೊಟ್ಟಗಿತ್ತು. ಹುಬ್ಬಿನ ಮೇಲೊಂದು ಉದ್ದನೆಯ ಕಲೆ. ನಾನು ಕೇಳಲಿಲ್ಲ, ಆತನೇ ಹೇಳಿದ. ಹೆದ್ದಾರಿಯ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಆದದ್ದಂತೆ. “ನಂದು ಕೈ ಹೋತು. ಜೊತಿಗಿದ್ದ ಹುಡುಗ ಉಳೀಲಿಲ್ರೀ.” ಅಷ್ಟು ಹೇಳಿ ನಮ್ಮ ರಿಮ್ಮನ್ನು ಅಂಗಡಿಯ ಹೊರಕ್ಕೆ ಉರುಳಿಸಿದ. “ಇದಕ್ಕ ಹವಾ ಹೊಡೆಯಾಂಗಿಲ್ಲ ನಾನು. ಬ್ಯಾರೇ ಕಡಿ ಒಯ್ರಿ ಅಂತಾನೂ ಹೇಳಾಂಗಿಲ್ಲ.”

ನನಗೆ ಆಗ ಸಿಟ್ಟೇ ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಹಟ್ಟಿಯಲ್ಲಿ ಗೊಬ್ಬರ ಕಾದಿದೆ, ಆಳುಗಳ ಕೂಲಿ ಓಡುತ್ತಿದೆ, ಡಿಪೋದಲ್ಲಿ ಬಾಡಿಗೆಯ ಲಾರಿ ನಿಂತಿದೆ. ಎರಡು ದಿನ ಕೆಲಸ ನಿಂತಿತು. ದಾವಣಗೆರೆಯಿಂದ ಹೊಸ ರಿಮ್ಮು ಬಂದ ಮೇಲೆಯೇ ಟ್ರೇಲರು ಕದಲಿದ್ದು. ರಾತ್ರಿ ನಿದ್ದೆ ಬಾರದೆ ಹೊರಳುವಾಗ ಬೇರೊಂದು ನೆನಪಾಯಿತು. ಆ ದಿನ ಬೆಳಿಗ್ಗೆ ಗೊಬ್ಬರ ತುಂಬುವ ಹೆಣ್ಣಾಳು ಗಂಡಾಳು ಸೇರಿ ಹನ್ನೊಂದು ಮಂದಿ ಅದೇ ಟ್ರೇಲರಿನಲ್ಲಿ ಕುಳಿತು ಹಟ್ಟಿಗೆ ಹೋಗಿದ್ದರು. ಇಬ್ಬರು ಎಡಗಡೆಯ ಹಿಂಬದಿ ಮೂಲೆಯಲ್ಲಿ ಕಾಲು ಇಳಿಬಿಟ್ಟಿದ್ದರು. ಸರಕಿನ ಟ್ರೇಲರಿನಲ್ಲಿ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧವೆಂದು ನನಗೂ ಗೊತ್ತಿತ್ತು, ಚಾಲಕನಿಗೂ ಗೊತ್ತಿತ್ತು. ಹುಣ್ಣಿಮೆಯ ದಿನ ಉಚ್ಚಂಗೆಮ್ಮನ ಗುಡ್ಡಕ್ಕೆ ಬರುವ ಟ್ರೇಲರುಗಳನ್ನು ನೋಡಿದವರು ಈ ತಪ್ಪು ನಮ್ಮೊಬ್ಬರದೇ ಅಲ್ಲವೆಂದು ಹೇಳಬಹುದು. ಅದು ನನಗೆ ಸಮಾಧಾನ ಕೊಡಲಿಲ್ಲ.

ಅದೇ ಸೀಮೆಯ ಕೊಟ್ಟೂರಿನಲ್ಲಿ 2017ರ ಫೆಬ್ರವರಿಯಲ್ಲಿ ಗುರುಬಸವೇಶ್ವರ ಸ್ವಾಮಿಯ ದೊಡ್ಡ ತೇರು ಎಳೆಯುತ್ತಿದ್ದಾಗಲೇ ಜನರ ನಡುವೆ ಉರುಳಿತು. ಚಕ್ರದ ಅಚ್ಚು ಮುರಿದದ್ದು ಕಾರಣವೆಂದು ಆಗ ವರದಿಯಾಗಿತ್ತು. ಸಾವಿರಾರು ಜನ ಕಣ್ಣಿಟ್ಟು ನೋಡುವ ತೇರಿನ ಅಚ್ಚಿನ ಸ್ಥಿತಿಯೇ ಹಾಗಾದರೆ, ಯಾರೂ ಬಗ್ಗಿ ನೋಡದ ಗೊಬ್ಬರದ ಟ್ರೇಲರಿನ ಪಾಡು ಹೇಳಬೇಕಿಲ್ಲ.

ಹಿಂದೆ ನಮ್ಮ ಹಿರಿಯರು ಬಗ್ಗಿ ನೋಡುತ್ತಿದ್ದರು. ಎತ್ತಿನ ಗಾಡಿಯ ಚಕ್ರ ಬೇಸಿಗೆಯಲ್ಲಿ ಒಣಗಿ ಮರ ಕುಗ್ಗಿದರೆ ಕಬ್ಬಿಣದ ಹಳಿ ಸಡಿಲವಾಗುತ್ತದೆ. ನಡೆಯುವ ಗಾಡಿಯ ಸದ್ದಿನಲ್ಲೇ ನಮ್ಮಜ್ಜ ಅದನ್ನು ಗುರುತಿಸಿ, ಚಕ್ರವನ್ನು ಕೆರೆಯ ನೀರಿಗೆ ಇಳಿಸುತ್ತಿದ್ದರು. ಊರು ಬಿಡುವ ಮುಂಚೆ ಕಡಾಣಿ ಮುಟ್ಟಿ ನೋಡುವುದು, ಕೀಲೆಣ್ಣೆ ಹಾಕುವುದು ಯಾರೂ ಹೇಳಿಕೊಡದ ಪಾಠ. ಲಾರಿಯ ಕ್ಲೀನರುಗಳು ಜಾಕಿ ರಾಡಿನಿಂದ ಟಯರಿಗೆ ಬಡಿದು ಸದ್ದು ಕೇಳುವುದು ಅದೇ ಪಾಠದ ಉಳಿಕೆ. ಆದರೆ ಈ ಬಡಿತಕ್ಕೆ ಒಂದು ಮಿತಿಯಿದೆ. ಪೂರ್ತಿ ಇಳಿದ ಟಯರನ್ನು ಸದ್ದು ಹೇಳುತ್ತದೆ. 100 ಪೌಂಡಿಗೂ 75 ಪೌಂಡಿಗೂ ಇರುವ ವ್ಯತ್ಯಾಸವನ್ನು ಹೇಳುವುದಿಲ್ಲ. ಚಕ್ರವನ್ನು ಕೊಲ್ಲುವುದು ಆ ವ್ಯತ್ಯಾಸ. ಜೋಡಿ ಚಕ್ರದ ಲಾರಿಯುಳ್ಳ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು: ಒಳಗಿನ ಟಯರು ಇಳಿದರೆ ಹೊರಗಿನದು ಎರಡರ ಭಾರವನ್ನೂ ಹೊತ್ತು ತೂಗಾಡದೆ ನಡೆಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಗೇಜು ಹಾಕಿ ನೋಡಬೇಕು, ಅದೂ ಬೆಳಿಗ್ಗೆ ಟಯರು ತಣ್ಣಗಿರುವಾಗ. ಓಡಿ ಬಂದ ಟಯರಿನಲ್ಲಿ ಕಾವಿಗೆ ಒತ್ತಡ ಏರಿರುತ್ತದೆ. ಜಾಸ್ತಿಯಾಯಿತೆಂದು ಆಗ ಗಾಳಿ ಬಿಟ್ಟರೆ ಮರುದಿನ ಕಡಿಮೆಯಾಗಿರುತ್ತದೆ.

ನಟ್ಟಿನ ವಿಷಯ. ಚಕ್ರದ ನಟ್ಟಿನ ಬುಡದಿಂದ ಹೊರಕ್ಕೆ ಸೂರ್ಯನ ಕಿರಣದ ಹಾಗೆ ತುಕ್ಕಿನ ಕೆಂಪು ಗೆರೆ ಹರಡಿದ್ದರೆ ಆ ನಟ್ಟು ಸಡಿಲವಾಗಿದೆಯೆಂದು ತಿಳಿಯಿರಿ. ಡಿಸ್ಕು ಅಲುಗಾಡಿ ಸವೆದ ಪುಡಿ ನೀರಿಗೆ ಹರಿದು ಬಂದ ಗುರುತು ಅದು. ಸಡಿಲ ನಟ್ಟಿನಲ್ಲಿ ಓಡಿಸಿದರೆ ಬೋಲ್ಟಿನ ತೂತು ಮೊಟ್ಟೆಯಾಕಾರವಾಗುತ್ತದೆ, ಅಲ್ಲಿಂದ ಬಿರುಕು ಹೊರಡುತ್ತದೆ. ಆಮೇಲೆ ಎಷ್ಟು ಬಿಗಿದರೂ ಅದು ನಿಲ್ಲುವ ಚಕ್ರವಲ್ಲ. ಚಕ್ರ ಬಿಚ್ಚಿ ಹಾಕಿದ ಮೇಲೆ ಎದುರುಬದುರಿನ ನಟ್ಟುಗಳನ್ನು ಸರದಿಯಂತೆ ಬಿಗಿದು, ಐವತ್ತರಿಂದ ನೂರು ಕಿಲೋಮೀಟರು ಓಡಿದ ನಂತರ ಇನ್ನೊಮ್ಮೆ ಬಿಗಿಯಬೇಕು. ಈ ಎರಡನೆಯ ಬಿಗಿತವನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ನಾನೂ ಮಾಡಿಸಿರಲಿಲ್ಲ.

ಇಲ್ಲೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾದೀತು. ಆಯುಧಪೂಜೆಗೆ ಮುಂಚೆ ರಿಮ್ಮಿಗೆ ದಪ್ಪಗೆ ಬಣ್ಣ ಬಳಿಯುವುದು ನಮ್ಮ ಪದ್ಧತಿ. ಕೆಂಪು ಗೆರೆ, ಕೂದಲೆಳೆಯ ಬಿರುಕು, ಹಳೆಯ ಬೆಸುಗೆ ಎಲ್ಲವೂ ಆ ಬಣ್ಣದಡಿ ಮಾಯ. ಅದರ ಮೇಲೆ ನಟ್ಟು ಕೂರುವ ಜಾಗದಲ್ಲಿ ಬಣ್ಣ ದಪ್ಪವಾದರೆ, ಓಡುತ್ತ ಓಡುತ್ತ ಬಣ್ಣ ಸವೆದು ನಟ್ಟು ತಾನೇ ಸಡಿಲವಾಗುತ್ತದೆ. ಪೂಜೆ ಮಾಡೋಣ, ನಿಂಬೆಹಣ್ಣೂ ಇಡೋಣ. ಬಣ್ಣ ಹಚ್ಚುವ ಹಿಂದಿನ ದಿನ ಚಕ್ರ ತೊಳೆದು, ಒಣಗಿಸಿ, ಟಾರ್ಚು ಹಿಡಿದು ಒಂದು ಸುತ್ತು ನೋಡೋಣ. ನಟ್ಟಿನ ಬುಡವನ್ನು ಬಣ್ಣವಿಲ್ಲದೆ ಬಿಡೋಣ.

ತೋಟದವರ ಟ್ರೇಲರಿಗೆ ತುಕ್ಕು ಬೇರೆಯವರದಕ್ಕಿಂತ ಬೇಗ ಹತ್ತುತ್ತದೆ ಎಂಬುದಕ್ಕೆ ಕಾರಣ ನಾವು ಹೇರುವ ಸಾಮಾನು. ಕೊಳೆರೋಗದ ಕಾಲದಲ್ಲಿ ಬೋರ್ಡೋ ದ್ರಾವಣದ ಪೀಪಾಯಿ ತುಳುಕಿ ರಿಮ್ಮಿನ ಮೇಲೆ ಸುರಿಯುತ್ತದೆ; ಸುಣ್ಣ ಸರಿಯಾಗಿ ಬೀಳದ ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುವುದು ತಾವೆಲ್ಲ ಕಂಡದ್ದೇ. ಚಾಕುವಿನ ಅಲಗನ್ನು ಅದ್ದಿ ತಾಮ್ರ ಹತ್ತುತ್ತದೆಯೇ ಎಂದು ದ್ರಾವಣದ ಹದ ನೋಡುವವರು ನಾವಲ್ಲವೇ? ಅದೇ ಕೆಲಸ ರಿಮ್ಮಿನ ಮೇಲೂ ನಡೆಯುತ್ತದೆ. ಪೊಟ್ಯಾಷ್ ಚೀಲ ಒಡೆದು ಉಪ್ಪು ಬೀಳುತ್ತದೆ. ಕಾಫಿ ಪಲ್ಪಿನ ಹುಳಿನೀರು, ಹಸಿ ಗೊಬ್ಬರದ ಗಂಜಲ ಚಕ್ರದ ಸಂದಿಯಲ್ಲಿ ಕೂತು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಹೇರು ಇಳಿಸಿದ ದಿನ ಚಕ್ರಗಳಿಗೆ ನಾಲ್ಕು ಕೊಡ ನೀರು ಎರಚುವ ಕೆಲಸಕ್ಕೆ ಯಾವ ತಜ್ಞನೂ ಬೇಡ.

ನೀರಿನ ಟ್ಯಾಂಕರುಗಳ ಬಗ್ಗೆಯೂ ಒಂದು ಮಾತು. 2023ರ ಬರದ ನಂತರ 2024ರ ಬೇಸಿಗೆಯಲ್ಲಿ ದಾವಣಗೆರೆ, ಚನ್ನಗಿರಿ ಕಡೆಯ ಅಡಿಕೆಯವರು ಟ್ಯಾಂಕರು ನೀರು ಹೊಯ್ದು ತೋಟ ಉಳಿಸಿಕೊಂಡರು. 5,000 ಲೀಟರು ನೀರೆಂದರೆ 5 ಟನ್ನು, ಟ್ಯಾಂಕಿನ ತೂಕ ಬೇರೆ. ಗೊಬ್ಬರ ಹೊತ್ತು ಅಭ್ಯಾಸವಿದ್ದ ಎರಡು ಚಕ್ರದ ಟ್ರೇಲರಿನ ಮೇಲೆ ಟ್ಯಾಂಕು ಕೂರಿಸಿ ಹಗಲೂ ರಾತ್ರಿ ಓಡಿಸಿದವರಿದ್ದಾರೆ. ಒಂದು ಟಯರು ಎಷ್ಟು ಭಾರ ಹೊರಬಲ್ಲದೆಂಬುದು ಅದರ ಮಗ್ಗುಲಲ್ಲೇ ಬರೆದಿರುತ್ತದೆ. ಆ ಬೇಸಿಗೆಯಲ್ಲಿ ದುಡಿದ ರಿಮ್ಮುಗಳು ಇಂದಿಗೂ ಅದೇ ಟ್ರೇಲರುಗಳ ಕೆಳಗಿವೆ. ಅವುಗಳನ್ನು ಒಮ್ಮೆ ಬಿಚ್ಚಿಸಿ ನೋಡಿರೆಂದು ನನ್ನ ಪ್ರಾರ್ಥನೆ.

ಹೊಸ ಲಾರಿಗಳುಳ್ಳ ಕೆಲವರು ಟ್ಯೂಬ್‌ಲೆಸ್ ಚಕ್ರಕ್ಕೆ ಹೋಗಿದ್ದಾರೆ. ಅದರಲ್ಲಿ ಲಾಕ್ ರಿಂಗಿನ ಕಾಟವಿಲ್ಲ. ಗಾಳಿಯನ್ನು ಹಿಡಿಯುವ ಗೋಡೆ ರಿಮ್ಮೇ ಆದ್ದರಿಂದ ಸೋಪುನೀರಿನ ಪರೀಕ್ಷೆ ಅಲ್ಲಿ ಸರಿಯಾಗಿ ನಡೆಯುತ್ತದೆ. ವಾಲ್ವಿನ ಬುಡ, ಬೀಡು ಕೂರುವ ಅಂಚು, ಡಿಸ್ಕೂ ರಿಮ್ಮೂ ಸೇರುವ ಬೆಸುಗೆಯ ಸುತ್ತು, ಈ ಮೂರು ಕಡೆ ಬಳಿದು ಸ್ವಲ್ಪ ಹೊತ್ತು ಕಾಯಬೇಕು. ಸಣ್ಣ ಸೋರಿಕೆ ನೊರೆಯಂತೆ ನಿಧಾನವಾಗಿ ಏಳುತ್ತದೆ. ಅಂಚಿನಲ್ಲಿ ತುಕ್ಕಿದ್ದರೆ ಉಜ್ಜಿ ಸರಿಪಡಿಸಬಹುದು. ಬೆಸುಗೆಯ ಸುತ್ತಿನಲ್ಲಿ ಗುಳ್ಳೆ ಎದ್ದರೆ ಆ ರಿಮ್ಮು ಗುಜರಿಗೆ. ಒಳಗೊಂದು ಟ್ಯೂಬು ಹಾಕಿ ಓಡಿಸುತ್ತೇನೆ ಎನ್ನುವವರು ಗಾಳಿಯನ್ನು ಉಳಿಸಿಕೊಂಡು ಬಿರುಕನ್ನು ಮುಚ್ಚಿಡುತ್ತಾರೆ. ಚಕ್ರದ ಒಳಮಗ್ಗುಲಲ್ಲಿ ಗ್ರೀಸು ಬೀಸಣಿಗೆಯಂತೆ ಎರಚಿದ್ದರೆ ಅದು ಗಾಳಿಯ ಸೋರಿಕೆಯಲ್ಲ, ಹಬ್ಬಿನ ಸೀಲು ಹೋಗಿದೆ; ಓಟದ ನಂತರ ಹಬ್ಬು ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಬೇರಿಂಗು ಅಥವಾ ಬ್ರೇಕು. ಅದು ಇನ್ನೊಂದು ಲೇಖನದ ವಿಷಯ.

ಈಗ ನನ್ನ ಸಲಹೆಗಳು. ಬಿರುಕು ಬಿಟ್ಟ ರಿಮ್ಮಿಗೆ, ಅದರ ರಿಂಗಿಗೆ, ಸಂಘದ ಹಣದಲ್ಲಿ ಇನ್ನು ಮುಂದೆ ಬೆಸುಗೆ ಹಾಕಿಸಕೂಡದು ಎಂದು ನಿರ್ಣಯ ಮಾಡಬೇಕು. ಇದು ನನ್ನ ಹೊಸ ಹುಚ್ಚಲ್ಲ. ಅಮೆರಿಕದಲ್ಲಿ ಕಾರ್ಮಿಕರ ಸುರಕ್ಷತೆಯ ನಿಯಮಗಳಲ್ಲಿ 1980ರಲ್ಲೇ ಇದನ್ನು ಸೇರಿಸಿದ್ದಾರೆ: ಬಹುತುಂಡಿನ ರಿಮ್ಮಿಗೆ ಕಾವು ಕೊಡಬಾರದು, ಬೆಸೆಯಬಾರದು, ಬಿಚ್ಚುವ ಮುಂಚೆ ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು, ಗಾಳಿ ಬಹಳ ಇಳಿದು ಓಡಿದ ಟಯರನ್ನು ಬಿಚ್ಚಿ ನೋಡದೆ ಮತ್ತೆ ತುಂಬಬಾರದು, ತುಂಬುವಾಗ ಚಕ್ರವು ಕಬ್ಬಿಣದ ಪಂಜರದೊಳಗಿರಬೇಕು, ಕೊಳವೆ ಉದ್ದವಿದ್ದು ಅದರ ಬಾಯಿ ವಾಲ್ವಿಗೆ ತಾನೇ ಕಚ್ಚಿಕೊಂಡಿರಬೇಕು, ತುಂಬುವವನು ರಿಂಗಿನ ಎದುರು ನಿಲ್ಲಬಾರದು. ಅಂಥ ಒಂದು ಪಂಜರವನ್ನು ನಮ್ಮ ಡಿಪೋದಲ್ಲಿ ಇಡಬೇಕೆಂಬುದು ನನ್ನ ಎರಡನೆಯ ಸಲಹೆ. ನಮ್ಮೂರಿನ ಪಂಕ್ಚರ್ ಹುಡುಗರೂ ಅಲ್ಲಿಗೇ ಚಕ್ರ ತಂದು ಗಾಳಿ ತುಂಬಲಿ, ಬಾಡಿಗೆ ಬೇಡ. ಮೂರನೆಯದು ಒಂದು ಚಕ್ರದ ಪುಸ್ತಕ. ಪ್ರತಿ ರಿಮ್ಮಿಗೂ ಒಂದು ನಂಬರು ಬರೆದು, ಯಾವ ದಿನ ಟ್ಯೂಬು ಹೋಯಿತು, ತೂತು ವಾಲ್ವಿನಿಂದ ಎಷ್ಟು ಅಂಗುಲ, ಹೊಟ್ಟೆಯೋ ಬೆನ್ನೋ ಎಂದು ಒಂದು ಸಾಲು. ಆ ಪುಸ್ತಕ ಇದ್ದಿದ್ದರೆ ಜನವರಿಯಲ್ಲೇ ರಿಮ್ಮು ಸಿಕ್ಕಿಬೀಳುತ್ತಿತ್ತು.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ‘ಅಡಿಕೆಯ ಧಾರಣೆ ಇಳಿದಾಗ ಇವರಿಗೆ ಪಂಜರದ ಚಿಂತೆ’ ಎಂದು ಒಬ್ಬ ನಿರ್ದೇಶಕರು ಈಗಾಗಲೇ ಹೇಳಿಯಾಗಿದೆ. ಅವರು ನನ್ನ ಆಪ್ತರು, ಸಭೆಯಲ್ಲೂ ಹೇಳುತ್ತಾರೆ. ಅವರಿಗೆ ನನ್ನ ಉತ್ತರವೆಂದರೆ ತಃಖ್ತೆಯ ಆ ಬಾಬತ್ತನ್ನೇ ಇನ್ನೊಮ್ಮೆ ಓದಿ ನೋಡಲಿ. ಮೂರು ಟ್ಯೂಬು, ಮೂರು ಫ್ಲಾಪು, ಅಕಾಲದಲ್ಲಿ ಬದಲಾಯಿಸಿದ ಒಂದು ಟಯರು, ಎರಡು ದಿನದ ಕೂಲಿ, ನಿಂತ ಲಾರಿಯ ಬಾಡಿಗೆ. ಕೊನೆಗೆ ಕೊಂಡದ್ದು ಮೊದಲೇ ಚಾಲಕ ಕೇಳಿದ್ದ ಆ ಹೊಸ ರಿಮ್ಮನ್ನೇ. ಪಂಜರಕ್ಕೆ ಬೇಕಾದ ಪೈಪುಗಳನ್ನು ನಮ್ಮ ಹಳೆಯ ನೀರಾವರಿ ಸಾಮಾನಿನಲ್ಲಿ ಹುಡುಕಬಹುದೆಂದು ಯಾರೋ ಸೂಚಿಸಿದ್ದಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಇಪ್ಪತ್ತೆರಡು ಟನ್ನಿನ ಎದುರು ತುಕ್ಕು ಹಿಡಿದ ನೀರಿನ ಪೈಪನ್ನು ನಿಲ್ಲಿಸಿದರೆ ಮತ್ತೆ ಅದೇ ಉಳಿತಾಯ.

ಆಳುಗಳನ್ನು ಟ್ರೇಲರಿನಲ್ಲಿ ಒಯ್ಯುವುದನ್ನು ಆ ವಾರದಿಂದಲೇ ನಿಲ್ಲಿಸಿದ್ದೇನೆ. ಅವರಿಗೆ ಬೇರೆ ಗಾಡಿಯ ಬಾಡಿಗೆ ಈ ಸಾಲಿನ ಲೆಕ್ಕದಲ್ಲಿ ಪ್ರತ್ಯೇಕವಾಗಿ ಕಾಣುತ್ತದೆ. ಅದಕ್ಕೆ ಆಡಳಿತ ಮಂಡಲಿಯ ಪೂರ್ವಾನುಮತಿ ಪಡೆದಿರಲಿಲ್ಲ. ಸಭೆ ಒಪ್ಪದಿದ್ದರೆ ನನ್ನ ಸಂಬಳದಲ್ಲಿ ಹಿಡಿದುಕೊಳ್ಳಬಹುದು.

ಹಳೆಯ ರಿಮ್ಮನ್ನು ಗುಜರಿಗೆ ಹಾಕಿಲ್ಲ. ಸಂಘದ ಕಚೇರಿಯಲ್ಲಿ ನನ್ನ ಮೇಜಿನ ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದೇನೆ. ಸಭೆಯ ದಿನ ಬರುವವರು ಸ್ವಲ್ಪ ಮುಂಚೆ ಬಂದರೆ ತಾವೇ ಪರೀಕ್ಷಿಸಿ ನೋಡಬಹುದು. ಸೀಮೆಸುಣ್ಣವೂ ಒಂದು ಶೀಸೆ ಡೀಸೆಲ್ಲೂ ಕಿಟಕಿಯ ಮೇಲೆ ಇಟ್ಟಿವೆ.